ಮುಂದಿನ ಕ್ರಮಕ್ಕಾಗಿ

1943ರ ಜೂನ್ 21ರಂದು ಬರ್ಲಿನ್ನಿನ ಒಂದು ಕಚೇರಿಯಿಂದ, ಯಹೂದಿಗಳ ಸಾಗಾಟ ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಐಖ್‌ಮನ್ನನ ವಿಭಾಗಕ್ಕೆ ಒಂದು ಪತ್ರ ಹೊರಟಿತು. ವಿಷಯ: ಅಸ್ಥಿಪಂಜರಗಳ ಸಂಗ್ರಹವೊಂದನ್ನು ಸ್ಥಾಪಿಸುವ ಬಗ್ಗೆ. ಒಕ್ಕಣೆ ಯಾವುದೇ ಸರ್ಕಾರಿ ಪತ್ರದಂತೆಯೇ ಇತ್ತು. ಈ ಕೆಲಸಕ್ಕೆ ನೇಮಕವಾಗಿದ್ದ ಡಾಕ್ಟರ್ ಬ್ರೂನೋ ಬೇಗರ್ ಔಷ್‌ವಿಟ್ಸ್ ಶಿಬಿರದಲ್ಲಿ ಸಾಂಕ್ರಾಮಿಕದ ಭಯ ಎದ್ದಿದ್ದರಿಂದ ಜೂನ್ 15ಕ್ಕೆ ತನ್ನ ಕೆಲಸ ಮುಗಿಸಿದ್ದಾನೆ. ಒಟ್ಟು 115 ಮಂದಿಯ ಅಳತೆ ತೆಗೆಯಲಾಗಿದೆ: ಯಹೂದಿ ಗಂಡಸರು 79, ಯಹೂದಿ ಹೆಂಗಸರು 30, ಪೋಲೆಂಡಿನವರು 2, ಮಧ್ಯ ಏಷ್ಯಾದವರು 4. ಅವರನ್ನು ಬೇರೆಯಾಗಿ ಇರಿಸಲಾಗಿದೆ. ಮುಂದಿನ ಕೆಲಸಕ್ಕಾಗಿ ಅವರನ್ನು ಕೂಡಲೇ ನಾಟ್ಸ್‌ವೈಲರ್ ಶಿಬಿರಕ್ಕೆ ಸಾಗಿಸಬೇಕು. ರೋಗ ಹರಡದಂತೆ 80 ಗಂಡಸರಿಗೆ ಮತ್ತು 30 ಹೆಂಗಸರಿಗೆ ಒಗೆದ ಬಟ್ಟೆ ನಾಟ್ಸ್‌ವೈಲರ್‌ನಿಂದಲೇ ಬರಬೇಕು. ಹೆಸರುಗಳ ಪಟ್ಟಿ ಲಗತ್ತಿಸಿದೆ.

ಕೆಳಗೆ ಸಹಿ: ವೋಲ್ಫ್ರಾಮ್ ಸೀವರ್ಸ್.

ಸಾಯಿಸಲೆಂದೇ ಆರಿಸಿಕೊಂಡವರಿಗೆ ಪ್ರಯಾಣಕ್ಕೆ ಒಗೆದ ಬಟ್ಟೆಯ ಏರ್ಪಾಟು. ಈ ಪತ್ರವನ್ನು ಬರೆದವನು ವೈದ್ಯನಲ್ಲ. ಕತ್ತಿ ಹಿಡಿದವನಲ್ಲ, ಸೂಜಿ ಚುಚ್ಚಿದವನಲ್ಲ, ಅನಿಲದ ಕೊಳಾಯಿ ತಿರುಗಿಸಿದವನೂ ಅಲ್ಲ. ಅವನೊಬ್ಬ ಕಚೇರಿ ವ್ಯವಸ್ಥಾಪಕ. ಬಂದ ಟಪಾಲು ನೋಡುವುದು, ಟಿಪ್ಪಣಿ ಬರೆಯುವುದು, ಮೇಲಿನವರ ಅನುಮತಿ ತರುವುದು, ಹಣ ಬಿಡುಗಡೆ ಮಾಡಿಸುವುದು, ಸಂಬಂಧಪಟ್ಟವರಿಗೆ ಮುಂದಿನ ಕ್ರಮಕ್ಕಾಗಿ ಕಳುಹಿಸುವುದು ಅವನ ಕೆಲಸ. ಎರಡನೆಯ ಮಹಾಯುದ್ಧದಲ್ಲಿ ವೈದ್ಯಕೀಯದ ಹೆಸರಿನಲ್ಲಿ ನಡೆದ ಕೊಲೆಗಳ ಬಗ್ಗೆ ನಾವು ಓದುವಾಗ ವೈದ್ಯರ ಹೆಸರುಗಳನ್ನೇ ಓದುತ್ತೇವೆ. ಔಷ್‌ವಿಟ್ಸ್‌ನ ವೈದ್ಯ ಮೆಂಗಲೆಯ ಹೆಸರು ಎಲ್ಲರಿಗೂ ಗೊತ್ತು. ಆ ವೈದ್ಯರಿಗೆ ಮನುಷ್ಯರನ್ನು ಒದಗಿಸಿಕೊಟ್ಟ ಕಚೇರಿಯ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ಅದು ಗೊತ್ತಿರಬೇಕು ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಸಂಸ್ಥೆಯ ಹೆಸರು ಆನೆನ್‌ಎರ್ಬೆ. ಪೂರ್ವಿಕರ ಪರಂಪರೆ ಎಂದು ಅದರ ಅರ್ಥ. 1935ರ ಜುಲೈನಲ್ಲಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹೈನ್‌ರಿಕ್ ಹಿಮ್ಲರ್ ಇದನ್ನು ಕಟ್ಟಿಸಿದ. ಜರ್ಮನ್ನರು ಆರ್ಯರ ನೇರ ವಾರಸುದಾರರು ಎಂದು ಪುರಾತತ್ವದಿಂದ, ಭಾಷಾಶಾಸ್ತ್ರದಿಂದ, ಜಾನಪದದಿಂದ ಸಾಬೀತು ಮಾಡಿ ತೋರಿಸುವುದು ಅದರ ಉದ್ದೇಶವಾಗಿತ್ತು. ತೀರ್ಮಾನ ಮೊದಲೇ ಆಗಿತ್ತು, ಪುರಾವೆ ಹುಡುಕುವುದಷ್ಟೇ ಬಾಕಿ. ಅದರ ವಿದ್ವತ್ ಮುಖ್ಯಸ್ಥನಾದ ವಾಲ್ಟರ್ ವ್ಯೂಸ್ಟ್ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪಂಡಿತ. ವೇದಗಳನ್ನು ಓದಿದ್ದವನು, ಮುಂದೆ ಅದೇ ವಿಶ್ವವಿದ್ಯಾಲಯದ ರೆಕ್ಟರ್ ಕೂಡ ಆದವನು. ನಮ್ಮ ದೇಶದ ಹಳೆಯ ಗ್ರಂಥಗಳ ಮೇಲೆ ಯುರೋಪಿನ ಪಂಡಿತರು ತೋರಿದ ಆಸಕ್ತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಆಸಕ್ತಿಯ ಒಂದು ಕವಲು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು.

ಬ್ರೂನೋ ಬೇಗರ್ ಕೂಡ ನಮ್ಮ ನೆಲ ತುಳಿದು ಹೋದವನೇ. 1938ರಲ್ಲಿ ಹಿಮ್ಲರನ ಆಶ್ರಯದಲ್ಲಿ ಐದು ಮಂದಿ ಜರ್ಮನ್ನರು ಕಲ್ಕತ್ತೆಗೆ ಬಂದು, ಸಿಕ್ಕಿಂ ದಾಟಿ, 1939ರ ಜನವರಿಯಲ್ಲಿ ಲಾಸಾ ಸೇರಿದರು. ಐವರೂ ಎಸ್‌ಎಸ್ ಅಧಿಕಾರಿಗಳು. ತಂಡದ ಮುಖಂಡ ಎರ್ನ್‌ಸ್ಟ್ ಷೇಫರ್ ಪ್ರಾಣಿಶಾಸ್ತ್ರದವನು. ಬೇಗರ್ ಮಾನವಶಾಸ್ತ್ರದವನು. ದಾರಿಯುದ್ದಕ್ಕೂ ಅವನು ನೂರಾರು ಜನರ ತಲೆ, ಮೂಗು, ದವಡೆಗಳ ಅಳತೆ ತೆಗೆದ, ಕೆಲವರ ಮುಖದ ಅಚ್ಚು ತೆಗೆದ. ನಾಲ್ಕು ವರ್ಷದ ಬಳಿಕ ಅದೇ ಅಳತೆಗೋಲು ಹಿಡಿದು ಔಷ್‌ವಿಟ್ಸ್‌ಗೆ ಹೋದ. ಅಲ್ಲಿ ಅವನು ಆರಿಸಿದ 4 ಮಂದಿ ಮಧ್ಯ ಏಷ್ಯಾದವರ ಮೇಲೆ ಅವನಿಗಿದ್ದ ಕುತೂಹಲ ಹಿಮಾಲಯದ ದಾರಿಯಲ್ಲೇ ಬೆಳೆದದ್ದು.

ಈಗ ಸೀವರ್ಸ್. 1905ರಲ್ಲಿ ಹಿಲ್ಡೆಸ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಚರ್ಚಿನ ಸಂಗೀತಗಾರ. ಶಾಲೆ ಪೂರ್ತಿ ಮುಗಿಸಲಿಲ್ಲ. ಹುಡುಗನಾಗಿದ್ದಾಗಲೇ ಉಗ್ರ ರಾಷ್ಟ್ರೀಯವಾದಿ ಗುಂಪುಗಳ ಕಡೆಗೆ ಒಲಿದ. ಪುಸ್ತಕ ವ್ಯಾಪಾರದಲ್ಲಿ ದುಡಿದ, ಆಮೇಲೆ ಹರ್ಮನ್ ವಿರ್ತ್ ಎಂಬ ವಿಚಿತ್ರ ಸಂಶೋಧಕನಿಗೆ ಕಾರ್ಯದರ್ಶಿಯಾದ. 1929ರಲ್ಲಿ ನಾಜಿ ಪಕ್ಷ ಸೇರಿದ. ಆನೆನ್‌ಎರ್ಬೆ ಶುರುವಾದಾಗ ಅದರ ಆಡಳಿತ ನೋಡಿಕೊಳ್ಳುವ ಹುದ್ದೆ ಅವನಿಗೆ ಸಿಕ್ಕಿತು. ಸ್ವತಃ ವಿದ್ವಾಂಸನಲ್ಲದಿದ್ದರೂ ವಿದ್ವಾಂಸರನ್ನು ಸಂಭಾಳಿಸುವ ಕಲೆ ಅವನಿಗೆ ಗೊತ್ತಿತ್ತು. ಯಾರಿಗೆ ಅನುದಾನ ಬೇಕು, ಯಾರಿಗೆ ಯಾವ ಉಪಕರಣ ಬೇಕು, ಯಾರ ಅರ್ಜಿ ಯಾರ ಮೇಜಿನ ಮೇಲೆ ನಿಂತಿದೆ ಎಂಬುದೆಲ್ಲ ಅವನ ಬಾಯಲ್ಲಿತ್ತು. ದಿನಚರಿ ಬರೆಯುವ ಅಭ್ಯಾಸ ಬೇರೆ. ಯಾರನ್ನು ಕಂಡೆ, ಏನು ಮಾತಾಡಿದೆ ಎಂಬುದನ್ನೆಲ್ಲ ಬರೆದಿಡುತ್ತಿದ್ದ.

ಯುದ್ಧ ಬಲಿತಂತೆ ಶಿಲಾಶಾಸನ, ಜಾನಪದಗಳಿಗೆ ಬೆಲೆ ಕಡಿಮೆಯಾಯಿತು. ಸೈನ್ಯಕ್ಕೆ ಉಪಯೋಗಕ್ಕೆ ಬರುವ ಸಂಶೋಧನೆ ಬೇಕೆಂದಾಯಿತು. 1942ರಲ್ಲಿ ಆನೆನ್‌ಎರ್ಬೆಯ ಅಡಿಯಲ್ಲಿ ಸೈನಿಕ ಉದ್ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆಯೊಂದು ಹುಟ್ಟಿತು. ಅದರ ನಿರ್ದೇಶಕನೂ ಸೀವರ್ಸ್‌ನೇ. ಇಲ್ಲಿಂದ ಮುಂದೆ ಅವನ ಕಡತಗಳಲ್ಲಿ ಮನುಷ್ಯರು ಸರಕಾಗುತ್ತಾರೆ.

ಡಾಖಾವ್ ಶಿಬಿರದಲ್ಲಿ ಜಿಗ್ಮುಂಡ್ ರಾಷರ್ ಎಂಬ ವೈದ್ಯನಿದ್ದ. ವಿಮಾನ ತುಂಬ ಎತ್ತರಕ್ಕೆ ಹೋದಾಗ ಪೈಲಟ್‌ಗೆ ಏನಾಗುತ್ತದೆ ಎಂದು ತಿಳಿಯಲು ಗಾಳಿಯ ಒತ್ತಡ ಇಳಿಸುವ ಕೋಣೆಯೊಳಗೆ ಕೈದಿಗಳನ್ನು ಕೂಡಿಹಾಕಿ ನೋಡಿದ. 1942ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸುಮಾರು 200 ಮಂದಿಯ ಮೇಲೆ ಈ ಪ್ರಯೋಗ ನಡೆಯಿತು, 70ರಿಂದ 80 ಮಂದಿ ಸತ್ತರು. ಆಮೇಲೆ ಮಂಜುಗಡ್ಡೆಯ ನೀರು. ಸಮುದ್ರಕ್ಕೆ ಬಿದ್ದ ಪೈಲಟ್ ಎಷ್ಟು ಹೊತ್ತು ಬದುಕುತ್ತಾನೆ ಎಂದು ತಿಳಿಯಲು ಕೈದಿಗಳನ್ನು ತೊಟ್ಟಿಯಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟರು. 280ರಿಂದ 300 ಮಂದಿಯಲ್ಲಿ 80ರಿಂದ 90 ಮಂದಿ ಸತ್ತರೆಂದು ಅಲ್ಲಿ ರಾಷರ್‌ನ ಸಹಾಯಕನಾಗಿದ್ದ ಕೈದಿ ವಾಲ್ಟರ್ ನೆಫ್ ಮುಂದೆ ಸಾಕ್ಷಿ ನುಡಿದ. ಈ ಪ್ರಯೋಗದ ಫಲಿತಾಂಶವನ್ನು 1942ರ ಅಕ್ಟೋಬರ್‌ನಲ್ಲಿ, ಮುಂದೆ ಇದರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲೇ ನಡೆದ ವೈದ್ಯರ ಸಭೆಯಲ್ಲಿ ಓದಲಾಯಿತು. ತೊಂಬತ್ತಕ್ಕೂ ಹೆಚ್ಚು ಜನ ಕೂತು ಕೇಳಿದರು. ಇಷ್ಟು ವಿವರ ಜೀವಂತ ಮನುಷ್ಯರಿಂದ ಹೇಗೆ ಸಿಕ್ಕಿತು ಎಂದು ಆಕ್ಷೇಪ ಎತ್ತಿದವರು ಯಾರೂ ಇಲ್ಲ.

ರಾಷರ್‌ಗೆ ಬೇಕಾದ ಉಪಕರಣ, ಸಿಬ್ಬಂದಿ, ಅನುಮತಿಗಳೆಲ್ಲ ಸೀವರ್ಸ್‌ನ ಮೇಜಿನ ಮೂಲಕ ಹೋದವು. ಅವನು ಡಾಖಾವ್‌ಗೆ ಹೋಗಿ ಕಣ್ಣಾರೆ ನೋಡಿಯೂ ಬಂದ. ಅವನ ಪತ್ರಗಳಲ್ಲಿ ನನ್ನನ್ನು ತುಂಬ ಕಾಡಿದ್ದು ಹೆಣಗಳ ಲೆಕ್ಕದ ಪತ್ರವಲ್ಲ, ಊಟದ ಖರ್ಚಿನ ಪತ್ರ. ಸ್ಟ್ರಾಸ್‌ಬರ್ಗ್‌ನ ಅಂಗರಚನಾಶಾಸ್ತ್ರದ ಪ್ರೊಫೆಸರ್ ಔಗುಸ್ಟ್ ಹಿರ್ಟ್ ನಾಟ್ಸ್‌ವೈಲರ್‌ನಲ್ಲಿ ಕೈದಿಗಳ ಚರ್ಮದ ಮೇಲೆ ಮಸ್ಟರ್ಡ್ ಅನಿಲದ ದ್ರವ ಸುರಿದು ಪ್ರಯೋಗ ಮಾಡಲು ಹೊರಟಿದ್ದ. ಆ ಕೈದಿಗಳಿಗೆ ತಗಲುವ ಖರ್ಚನ್ನು ನೀವೇ ಕೊಡಬೇಕು ಎಂದು ಶಿಬಿರದವರು ತಗಾದೆ ತೆಗೆದರು. 1942ರ ನವೆಂಬರ್ 3ರಂದು ಸೀವರ್ಸ್ ಹಿಮ್ಲರನ ಆಪ್ತ ಕಾರ್ಯದರ್ಶಿ ರುಡಾಲ್ಫ್ ಬ್ರಾಂಟ್‌ಗೆ ದೂರು ಬರೆದ. ಡಾಖಾವ್‌ನಲ್ಲಿ ನಮಗೆ ಎಷ್ಟು ಉದಾರವಾಗಿ ಸಹಕರಿಸಿದರು, ಅಲ್ಲಿ ಕೈದಿಗಳಿಗೆ ದುಡ್ಡು ಕೊಡುವ ಮಾತೇ ಬರಲಿಲ್ಲ, ನಾಟ್ಸ್‌ವೈಲರ್‌ನವರು ಇದರಲ್ಲಿ ಕಾಸು ಮಾಡಲು ನೋಡುತ್ತಿದ್ದಾರೆ ಎಂಬುದು ಆ ದೂರಿನ ಸಾರ. ತನ್ನ ಇಲಾಖೆಗೆ ಅನ್ಯಾಯವಾಗುತ್ತಿದೆ ಎಂಬ ಪ್ರಾಮಾಣಿಕ ಸಂಕಟ ಅದರಲ್ಲಿದೆ. ಸಾಯುವವರ ಊಟದ ಲೆಕ್ಕದಲ್ಲಿ ಅವನಿಗೆ ನ್ಯಾಯ ಅನ್ಯಾಯದ ಪ್ರಜ್ಞೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಹಿರ್ಟ್‌ನ ಇನ್ನೊಂದು ಯೋಜನೆಯೇ ಅಸ್ಥಿಪಂಜರಗಳದ್ದು. ಎಲ್ಲ ಜನಾಂಗಗಳ ತಲೆಬುರುಡೆಗಳೂ ಸಂಗ್ರಹಾಲಯಗಳಲ್ಲಿವೆ, ಯಹೂದಿಗಳದ್ದು ಸಾಕಷ್ಟಿಲ್ಲ, ಈಗ ಪೂರ್ವದ ಯುದ್ಧ ಆ ಕೊರತೆ ನೀಗಿಸುವ ಅವಕಾಶ ಕೊಟ್ಟಿದೆ ಎಂದು ಒಂದು ವರದಿ ತಯಾರಾಯಿತು. ಸೆರೆಸಿಕ್ಕವರನ್ನು ಮೊದಲು ಅಳೆಯಬೇಕು, ಫೋಟೊ ತೆಗೆಯಬೇಕು, ತಲೆಗೆ ಪೆಟ್ಟಾಗದಂತೆ ಕೊಲ್ಲಬೇಕು, ತಲೆಯನ್ನು ದ್ರಾವಣ ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಕಳುಹಿಸಬೇಕು. ಇದನ್ನು ಓದಿದ ಸೀವರ್ಸ್ 1942ರ ಫೆಬ್ರವರಿ 9ರಂದು ಬ್ರಾಂಟ್‌ಗೆ ಕಳುಹಿಸಿಕೊಟ್ಟ. ಹಿಮ್ಲರನ ಒಪ್ಪಿಗೆ ಬಂತು. ನವೆಂಬರ್ 2ರಂದು ಸೀವರ್ಸ್ ಮತ್ತೆ ಬರೆದು 150 ಅಸ್ಥಿಪಂಜರ ಬೇಕು, ಔಷ್‌ವಿಟ್ಸ್‌ನಿಂದ ಕೊಡಿಸಬೇಕು ಎಂದು ಕೇಳಿದ. ಆ ಹೊತ್ತಿಗೆ, ಮುಂದೆ ಈ ಲೆಕ್ಕಕ್ಕೆ ಸೇರಲಿದ್ದವರು ಜೀವಂತವಾಗಿದ್ದರು. ಕೆಲವರು ಇನ್ನೂ ತಮ್ಮ ಊರುಗಳಲ್ಲೇ, ತಮ್ಮ ಮನೆಗಳಲ್ಲೇ ಇದ್ದರು.

ಆಮೇಲೆ ಬೇಗರ್ ಹೋಗಿ ಆರಿಸಿದ್ದು, ಆಮೇಲೆ ಆ ಜೂನ್ 21ರ ಪತ್ರ. 1943ರ ಆಗಸ್ಟ್‌ನಲ್ಲಿ ಅವರಲ್ಲಿ 86 ಮಂದಿಯನ್ನು ನಾಟ್ಸ್‌ವೈಲರ್ ಬಳಿಯ ಸ್ಟ್ರೂತೋಫ್‌ನ ಸಣ್ಣ ಅನಿಲ ಕೋಣೆಯಲ್ಲಿ ಕೊಂದರು. ಅಲ್ಲಿದ್ದ ಒಂದು ಹೋಟೆಲಿನ ಶೀತಲ ಕೊಠಡಿಯನ್ನೇ ಅದಕ್ಕಾಗಿ ಬದಲಾಯಿಸಿದ್ದರು. ಕೊಂದವನು ಶಿಬಿರದ ಕಮಾಂಡೆಂಟ್ ಜೋಸೆಫ್ ಕ್ರಾಮರ್, ಅದಕ್ಕೆ ಬೇಕಾದ ಸೈನೈಡ್ ಲವಣ ಕೊಟ್ಟವನು ಹಿರ್ಟ್. ಹೆಣಗಳು ಸ್ಟ್ರಾಸ್‌ಬರ್ಗ್‌ನ ಅಂಗರಚನಾ ಸಂಸ್ಥೆಗೆ ಬಂದಾಗ ಇನ್ನೂ ಬೆಚ್ಚಗಿದ್ದವು ಎಂದು ಅಲ್ಲಿ ಕೆಲಸಕ್ಕಿದ್ದ ಆಂರಿ ಆಂರಿಪಿಯೆರ್ ಸಾಕ್ಷಿ ಹೇಳಿದ್ದಾನೆ. ಇಂಥ ಹೆಣಗಳು ಸಹಜ ಸಾವಿನವಲ್ಲ ಎಂದು ಅವನಿಗೆ ಅನುಮಾನವಾಯಿತು. ಪ್ರತಿ ಹೆಣದ ತೋಳಿನ ಮೇಲಿದ್ದ ಔಷ್‌ವಿಟ್ಸ್ ಹಚ್ಚೆಯ ಸಂಖ್ಯೆಯನ್ನು ಯಾರಿಗೂ ಕಾಣದಂತೆ ಒಂದು ಕಾಗದದಲ್ಲಿ ಗುರುತು ಹಾಕಿಕೊಂಡ. ಸಿಕ್ಕಿಬಿದ್ದಿದ್ದರೆ ಅವನೂ ಹೆಣಗಳನ್ನಿಟ್ಟಿದ್ದ ತೊಟ್ಟಿ ಸೇರುತ್ತಿದ್ದ. ಒಂದೇ ಕಟ್ಟಡದ ವ್ಯವಹಾರದಲ್ಲಿ ಎರಡು ಬಗೆಯ ದಾಖಲೆ: ಒಂದು ಸೀವರ್ಸ್‌ನದು, ಇನ್ನೊಂದು ಈ ನೌಕರನದು.

ಈ ಘಟನೆಗಳ ಕಾಲದಲ್ಲಿ ನಮ್ಮಲ್ಲಿ ಏನಾಗುತ್ತಿತ್ತು ಎಂದು ನೋಡುವುದು ನನಗೆ ರೂಢಿ. ತುಮಕೂರು ಜಿಲ್ಲೆಯ ಬೆಳ್ಳಾವಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ನಾಡಿಗೆಲ್ಲ ಪರಿಚಯಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ತೀರಿಕೊಂಡದ್ದು ಅದೇ 1943ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಅವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಹೊಸ ತಿಳಿವಳಿಕೆ ಇಂಗ್ಲಿಷ್ ಬಾರದ ಮನೆಗಳಿಗೂ ತಲುಪಬೇಕು ಎಂಬುದೊಂದೇ ಅವರ ಹಂಬಲ. ಪಂಪಭಾರತವನ್ನು ಸಂಪಾದಿಸಿದ ಕೈಯೂ ಅದೇ. ಹಳೆಯ ಗ್ರಂಥದ ಮೇಲಿನ ಪ್ರೀತಿ ಮತ್ತು ವಿಜ್ಞಾನದ ಮೇಲಿನ ನಂಬಿಕೆ, ಎರಡೂ ಒಬ್ಬ ಮನುಷ್ಯನಲ್ಲಿ ಹೇಗೆ ಸಜ್ಜನಿಕೆಯಾಗಿ ಕೂಡಿಕೊಳ್ಳಬಹುದು ಎಂಬುದಕ್ಕೆ ವೆಂಕಟನಾರಣಪ್ಪನವರಿದ್ದಾರೆ. ಅವೇ ಎರಡು ಹಂಬಲಗಳನ್ನು ಬಾಯಲ್ಲಿ ಹೇಳಿಕೊಂಡೇ ಆನೆನ್‌ಎರ್ಬೆ ಹೊರಟಿತು. ವೆಂಕಟನಾರಣಪ್ಪನವರ ಕಾಲದ ಓದುಗರಿಗೆ ವಿಜ್ಞಾನವೆಂದರೆ ಬೆಳಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಆ ಅನುಮಾನ ಇರಬೇಕಾಗಿ ಬಂದದ್ದು ಆಮೇಲೆ.

ಸೀವರ್ಸ್ ಒಬ್ಬನೇ ಅಲ್ಲ. ಹಿಟ್ಲರನ ಖಾಸಗಿ ಕಚೇರಿಯಲ್ಲಿದ್ದ ವಿಕ್ಟರ್ ಬ್ರಾಕ್ ಕೂಡ ವೈದ್ಯನಲ್ಲ. ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಕೊಲ್ಲುವ ಯೋಜನೆಯ ಆಡಳಿತ ಅವನ ಕೈಯಲ್ಲಿತ್ತು. 1941ರ ಆಗಸ್ಟ್ ಹೊತ್ತಿಗೆ ಆ ಯೋಜನೆಯಲ್ಲಿ ಸತ್ತವರ ಸಂಖ್ಯೆ 70,000 ದಾಟಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅವನು ಹಿಮ್ಲರನಿಗೆ ಒಂದು ಸಲಹೆ ಕಳುಹಿಸಿದ. ಜನರನ್ನು ಅವರಿಗೇ ತಿಳಿಯದಂತೆ ಸಂತಾನಹೀನರನ್ನಾಗಿ ಮಾಡುವುದು ಹೇಗೆ? ಅವರನ್ನು ಕಚೇರಿಯ ಒಂದು ಕೌಂಟರ್ ಮುಂದೆ ನಿಲ್ಲಿಸಿ, ಫಾರಂ ತುಂಬಲು ಹೇಳಬೇಕು. ಅದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕೌಂಟರ್ ಹಿಂದೆ ಕೂತ ನೌಕರ ಎಕ್ಸ್‌ರೇ ಯಂತ್ರ ಹಾಕಿಬಿಡಬೇಕು. ಒಂದು ಯಂತ್ರದಲ್ಲಿ ದಿನಕ್ಕೆ 150ರಿಂದ 200 ಮಂದಿ, ಇಪ್ಪತ್ತು ಯಂತ್ರವಾದರೆ 3000ದಿಂದ 4000. ಬೆಳ್ಳಾವಿಯ ನಾಡಕಚೇರಿಯ ಕಿಟಕಿಯ ಮುಂದೆ ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ನಿಂತವರಿಗೆ ಈ ಸಲಹೆಯ ಭಯಂಕರತೆ ಬಿಡಿಸಿ ಹೇಳಬೇಕಾಗಿಲ್ಲ. ಫಾರಂ ಕೊಡುವವನನ್ನು ನಂಬಿಯೇ ನಾವು ಕಿಟಕಿಗೆ ಅಷ್ಟು ಹತ್ತಿರ ಹೋಗಿ ನಿಲ್ಲುವುದು. ಕೌಂಟರ್‌ನ ಉಪಾಯ ಆ ರೂಪದಲ್ಲಿ ಜಾರಿಗೆ ಬರಲಿಲ್ಲ, ಆದರೆ ಔಷ್‌ವಿಟ್ಸ್‌ನಲ್ಲಿ ಎಕ್ಸ್‌ರೇಯಿಂದ ಸಂತಾನಹೀನಗೊಳಿಸುವ ಪ್ರಯೋಗಗಳು ನಡೆದೇ ನಡೆದವು.

ಬರ್ಲಿನ್ ಮೇಲೆ ಬಾಂಬ್ ಬೀಳತೊಡಗಿದಾಗ, 1943ರಲ್ಲಿ, ಸೀವರ್ಸ್‌ನ ಕಚೇರಿ ಬವೇರಿಯದ ವೈಷೆನ್‌ಫೆಲ್ಡ್ ಎಂಬ ಸಣ್ಣ ಊರಿಗೆ ಹೋಯಿತು. ಮರುವರ್ಷ ಮಿತ್ರಪಡೆಗಳು ಫ್ರಾನ್ಸ್ ದಾಟಿ ಸ್ಟ್ರಾಸ್‌ಬರ್ಗ್ ಕಡೆಗೆ ಬಂದಾಗ ಹಿರ್ಟ್‌ಗೆ ದಿಗಿಲಾಯಿತು. ಹೆಣಗಳು ಇನ್ನೂ ತೊಟ್ಟಿಯಲ್ಲೇ ಇದ್ದವು, ಅಸ್ಥಿಪಂಜರ ಬಿಡಿಸುವ ಕೆಲಸ ಆಗಿರಲಿಲ್ಲ. 1944ರ ಸೆಪ್ಟೆಂಬರ್ 5ರಂದು ಸೀವರ್ಸ್ ಬ್ರಾಂಟ್‌ಗೆ ತುರ್ತು ಸಂದೇಶ ಕಳುಹಿಸಿದ. ಮಾಂಸ ಬಿಡಿಸಿದರೆ ಗುರುತು ಸಿಗದಂತೆ ಮಾಡಬಹುದು, ಆದರೆ ಮಾಡಿದ ಕೆಲಸ ಒಂದಿಷ್ಟು ವ್ಯರ್ಥವಾಗುತ್ತದೆ. ಉಳಿದ ಭಾಗಗಳನ್ನು ಫ್ರೆಂಚರು ಬಿಟ್ಟುಹೋದವು ಎಂದು ಹೇಳಿ ಸುಡಬಹುದು. ಕೊನೆಯಲ್ಲಿ, ಮೇಲಧಿಕಾರಿ ಗುರುತು ಹಾಕಲು ಅನುಕೂಲವಾಗುವಂತೆ ಮೂರು ಆಯ್ಕೆ: ಸಂಗ್ರಹವನ್ನು ಉಳಿಸಿಕೊಳ್ಳುವುದು, ಒಂದು ಭಾಗ ವಿಲೇವಾರಿ ಮಾಡುವುದು, ಪೂರ್ತಿ ವಿಲೇವಾರಿ ಮಾಡುವುದು. ಅಕ್ಟೋಬರ್‌ನಲ್ಲಿ ಪೂರ್ತಿ ವಿಲೇವಾರಿಯಾಗಿದೆ ಎಂಬ ವರದಿ ಹೋಯಿತು. ಅದು ಸುಳ್ಳು. ನವೆಂಬರ್ 23ರಂದು ಸ್ಟ್ರಾಸ್‌ಬರ್ಗ್ ಬಿಡುಗಡೆಯಾದಾಗ ಇಡೀ ಹೆಣಗಳೂ ತುಂಡುಗಳೂ ತೊಟ್ಟಿಗಳಲ್ಲೇ ಸಿಕ್ಕವು.

ಯುದ್ಧ ಮುಗಿದಾಗ ಆನೆನ್‌ಎರ್ಬೆಯ ಕಡತಗಳ ದೊಡ್ಡ ರಾಶಿ ಅಮೆರಿಕನ್ನರ ಕೈಸೇರಿತು. ಸೀವರ್ಸ್‌ನ ದಿನಚರಿಯೂ ಅದರೊಳಗಿತ್ತು.

1946ರ ಆಗಸ್ಟ್‌ನಲ್ಲಿ ಸೀವರ್ಸ್ ನ್ಯೂರೆಂಬರ್ಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ಬಂದ. ಆಗ ಅವನು ಆರೋಪಿಯಲ್ಲ, ಎಸ್‌ಎಸ್ ಪರವಾಗಿ ಬಂದ ಸಾಕ್ಷಿ. ಕೈದಿಗಳ ಮೇಲಿನ ಪ್ರಯೋಗಕ್ಕೂ ತನ್ನ ಸಂಸ್ಥೆಗೂ ಅಷ್ಟೇನೂ ಸಂಬಂಧವಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದ್ದ. ಬ್ರಿಟಿಷ್ ವಕೀಲ ಮೇಜರ್ ಎಲ್ವಿನ್ ಜೋನ್ಸ್ ಪಾಟೀಸವಾಲಿಗೆ ಎದ್ದು ಒಂದೊಂದೇ ಪತ್ರ ಹೊರತೆಗೆದರು. ಸಹಿ ನಿನ್ನದೇ ಅಲ್ಲವೇ? ಹೌದು. 150 ಅಸ್ಥಿಪಂಜರ ಕೇಳಿದ್ದು ನೀನೇ ಅಲ್ಲವೇ? ಅದು ಹಿರ್ಟ್ ಕೇಳಿದ್ದು, ನಾನು ಮುಂದಕ್ಕೆ ಕಳುಹಿಸಿದೆ ಅಷ್ಟೆ. ಅವನ ಎಲ್ಲ ಉತ್ತರಗಳ ತಿರುಳೂ ಇದೇ. ಆ ದಿನ ಮುಗಿಯುವಷ್ಟರಲ್ಲಿ ಸಾಕ್ಷಿಯಾಗಿ ಬಂದವನು ಆರೋಪಿಯ ಕಟಕಟೆಗೆ ತಾನೇ ದಾರಿ ಮಾಡಿಕೊಂಡಿದ್ದ.

ಕೆಲವೇ ತಿಂಗಳಲ್ಲಿ, 1946ರ ಡಿಸೆಂಬರ್ 9ರಂದು, ಅಮೆರಿಕನ್ ಸೈನಿಕ ನ್ಯಾಯಮಂಡಳಿಯ ಮುಂದೆ ವೈದ್ಯರ ವಿಚಾರಣೆ ಶುರುವಾಯಿತು. 23 ಆರೋಪಿಗಳು. ಇವರಲ್ಲಿ 20 ಮಂದಿ ವೈದ್ಯರು. ವೈದ್ಯರಲ್ಲದವರು ಮೂವರು: ಸೀವರ್ಸ್, ರುಡಾಲ್ಫ್ ಬ್ರಾಂಟ್, ವಿಕ್ಟರ್ ಬ್ರಾಕ್. ಪ್ರಾಸಿಕ್ಯೂಷನ್ ಮುಖ್ಯಸ್ಥ ಟೆಲ್ಫರ್ಡ್ ಟೇಲರ್. 85 ಸಾಕ್ಷಿಗಳು ಬಂದರು, ಸುಮಾರು 1500 ದಾಖಲೆಗಳು ಬಂದವು. ಮಾತಿಗಿಂತ ಕಾಗದವೇ ಹೆಚ್ಚು ನುಡಿದ ವಿಚಾರಣೆ ಅದು. ರಾಷರ್‌ನನ್ನು ಹಿಡಿಯಲು ಆಗಲಿಲ್ಲ, ಬೇರೆಯವರ ಮಕ್ಕಳನ್ನು ತಮ್ಮವೆಂದು ತೋರಿಸಿದ ಹಗರಣದಲ್ಲಿ ಸಿಕ್ಕಿಬಿದ್ದಿದ್ದ ಅವನನ್ನು ಎಸ್‌ಎಸ್‌ನವರೇ 1945ರ ಏಪ್ರಿಲ್‌ನಲ್ಲಿ ಡಾಖಾವ್‌ನಲ್ಲಿ ಗುಂಡಿಕ್ಕಿ ಕೊಂದಿದ್ದರು. ಹಿರ್ಟ್ 1945ರ ಜೂನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಹಿಮ್ಲರ್ ವಿಷ ಕುಡಿದ. ಹೀಗಾಗಿ ಅವರ ನಡುವೆ ಪತ್ರ ಓಡಾಡಿಸಿದವರು ಮಾತ್ರ ಉಳಿದಿದ್ದರು.

ಸೀವರ್ಸ್‌ನ ರಕ್ಷಣೆ ಎರಡು ಮಾತಿನ ಮೇಲೆ ನಿಂತಿತ್ತು. ಒಂದು, ತನಗೆ ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಇನ್ನೊಂದು ಯಾರೂ ನಿರೀಕ್ಷಿಸದ್ದು. ತಾನು ಮೊದಲಿನಿಂದಲೂ ಫ್ರೀಡ್‌ರಿಕ್ ಹೀಲ್ಷರ್ ಎಂಬ ಚಿಂತಕನ ಗುಪ್ತ ಪ್ರತಿರೋಧ ಗುಂಪಿನವನು, ಹಿಮ್ಲರನ ಹತ್ತಿರವೇ ಇದ್ದು ಸುದ್ದಿ ಒದಗಿಸಲಿ ಎಂದೇ ಆ ಹುದ್ದೆಯಲ್ಲಿ ಉಳಿದೆ ಎಂದ. ಹೀಲ್ಷರ್ ತಾನೇ ಬಂದು ಹೌದೆಂದು ಸಾಕ್ಷಿ ಹೇಳಿದ. ಇದನ್ನು ಪೂರ್ತಿ ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. 1944ರಲ್ಲಿ ಹೀಲ್ಷರ್ ಬಂಧನವಾದಾಗ ಅವನನ್ನು ಬಿಡಿಸಲು ಸೀವರ್ಸ್ ಓಡಾಡಿದ್ದು ನಿಜ. ಹಾಗೆಂದು ಇಟ್ಟುಕೊಂಡರೂ, ಗೆಳೆಯನೊಬ್ಬನಿಗಾಗಿ ಓಡಾಡಿದ ಕಾಲು 86 ಮಂದಿಗಾಗಿ ಒಂದು ಹೆಜ್ಜೆಯೂ ಎತ್ತಲಿಲ್ಲ ಎಂಬುದೂ ಅಷ್ಟೇ ನಿಜ. ಪತ್ರವೊಂದನ್ನು ತಡಮಾಡುವುದು, ಕಡತ ಕೆಳಗಿಡುವುದು, ಅನುಮತಿಗೆ ಇನ್ನೊಂದು ದಾಖಲೆ ಕೇಳುವುದು ಯಾವ ಕಚೇರಿಯವನಿಗೆ ಬರುವುದಿಲ್ಲ? ಹದಿನೈದು ದಿನದ ವಿಳಂಬ ಕೂಡ ಯುದ್ಧಕಾಲದಲ್ಲಿ ಒಂದು ಜೀವ ಉಳಿಸುತ್ತದೆ. ಸೀವರ್ಸ್‌ನ ಪತ್ರಗಳಲ್ಲಿ ಅಂಥ ವಿಳಂಬ ಕಾಣುವುದಿಲ್ಲ. ಕಾಣುವುದು ಅವಸರ: ಕೂಡಲೇ, ತುರ್ತಾಗಿ, ಬೇಗ.

ವಾಷಿಂಗ್ಟನ್ ರಾಜ್ಯದ ನ್ಯಾಯಾಧೀಶ ವಾಲ್ಟರ್ ಬೀಲ್ಸ್ ಅಧ್ಯಕ್ಷತೆಯ ಪೀಠ 1947ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಪ್ರತಿರೋಧದಲ್ಲಿದ್ದೆ ಎಂದ ಮಾತ್ರಕ್ಕೆ ಅಪರಾಧ ಮಾಡುವ ರಹದಾರಿ ಸಿಗುವುದಿಲ್ಲ, ಯಾರ ಪರವಾಗಿ ಹೋರಾಡುತ್ತೇನೆ ಎನ್ನುತ್ತಾನೋ ಅವರನ್ನೇ ಕೊಲ್ಲಿಸುವ ರಹದಾರಿಯಂತೂ ಇಲ್ಲವೇ ಇಲ್ಲ ಎಂಬ ನಿಲುವು ತೀರ್ಪಿನಲ್ಲಿದೆ. ಕೇವಲ ಪತ್ರ ದಾಟಿಸಿದವನು ಎಂಬ ವಾದವನ್ನೂ ಪೀಠ ಒಪ್ಪಲಿಲ್ಲ. ಏನು ನಡೆಯುತ್ತಿದೆ ಎಂದು ಗೊತ್ತಿದ್ದೂ ಅದಕ್ಕೆ ಬೇಕಾದ್ದನ್ನು ಒದಗಿಸಿದವನು ಆ ಕೃತ್ಯದ ಪಾಲುದಾರ. 23 ಮಂದಿಯಲ್ಲಿ 16 ಮಂದಿ ತಪ್ಪಿತಸ್ಥರು, 7 ಮಂದಿಗೆ ಮರಣದಂಡನೆ. ವೈದ್ಯರಲ್ಲದ ಮೂವರೂ ಆ ಏಳರಲ್ಲಿದ್ದರು. ಮೇಲ್ಮನವಿಗಳು ಬಿದ್ದುಹೋದವು. 1948ರ ಜೂನ್ 2ರಂದು ಲಾಂಡ್ಸ್‌ಬರ್ಗ್ ಜೈಲಿನಲ್ಲಿ ಏಳು ಮಂದಿಯನ್ನೂ ಗಲ್ಲಿಗೇರಿಸಿದರು.

ಅದೇ ತೀರ್ಪಿನಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹತ್ತು ನಿಯಮಗಳನ್ನು ಬರೆಯಲಾಯಿತು. ನ್ಯೂರೆಂಬರ್ಗ್ ಸಂಹಿತೆ ಎಂದು ಹೆಸರಾದ ಅದರ ಮೊದಲ ನಿಯಮವೇ, ಪ್ರಯೋಗಕ್ಕೆ ಒಳಗಾಗುವವನು ತಿಳಿದು, ಒತ್ತಾಯವಿಲ್ಲದೆ ಒಪ್ಪಿಗೆ ಕೊಟ್ಟಿರಬೇಕು ಎಂಬುದು. ಇದು ಜರ್ಮನಿಗೆ ಹೊಸತಾಗಿರಲಿಲ್ಲ ಎಂಬುದು ಕರುಳು ಕಿವುಚುವ ಸಂಗತಿ. 1931ರಲ್ಲೇ ಜರ್ಮನ್ ಸರ್ಕಾರ ಹೊಸ ಚಿಕಿತ್ಸೆ ಮತ್ತು ಪ್ರಯೋಗಗಳ ಬಗ್ಗೆ ಸುತ್ತೋಲೆ ಹೊರಡಿಸಿತ್ತು, ಒಪ್ಪಿಗೆಯಿಲ್ಲದೆ ಪ್ರಯೋಗ ಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಸುತ್ತೋಲೆಯೂ ಯಾವುದೋ ಕಡತದಲ್ಲಿ ಭದ್ರವಾಗಿತ್ತು.

ಗುಮಾಸ್ತನನ್ನು ಗಲ್ಲಿಗೇರಿಸಿ ದೊಡ್ಡವರನ್ನು ಬಿಟ್ಟರು ಎಂಬ ಮಾತನ್ನು ನಾನು ಕೇಳಿದ್ದೇನೆ. ಅದರ ಎರಡನೆಯ ಅರ್ಧ ಸರಿ. ಜಪಾನಿನ ಯೂನಿಟ್ 731ರ ಮುಖ್ಯಸ್ಥ ಇಶಿಯಿ ಶಿರೋ ಚೀನಾದಲ್ಲಿ ಸೆರೆಸಿಕ್ಕವರ ಮೇಲೆ ರೋಗಾಣುಗಳ ಪ್ರಯೋಗ ನಡೆಸಿದವನು. ತನ್ನ ಬಳಿಯಿದ್ದ ಮಾಹಿತಿಯನ್ನು ಅಮೆರಿಕನ್ನರಿಗೆ ಕೊಟ್ಟು ವಿಚಾರಣೆಯಿಂದ ಪಾರಾದ. ಅವನ ಕೆಳಗಿನವರೂ ಸೇರಿ 12 ಮಂದಿಯನ್ನು ಸೋವಿಯತ್ ಒಕ್ಕೂಟ 1949ರಲ್ಲಿ ಖಬರೋವ್‌ಸ್ಕ್‌ನಲ್ಲಿ ವಿಚಾರಿಸಿ ಶಿಕ್ಷಿಸಿತು, ಅಷ್ಟೆ. ಸಂಸ್ಕೃತ ಪಂಡಿತ ವ್ಯೂಸ್ಟ್ ಕೆಲಕಾಲ ಬಂಧನದಲ್ಲಿದ್ದು ಹೊರಬಂದು 1993ರವರೆಗೆ ಬದುಕಿದ. ಬ್ರೂನೋ ಬೇಗರ್‌ನ ಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಮೊಕದ್ದಮೆ ನಡೆದದ್ದು 1970ರಲ್ಲಿ. 86 ಕೊಲೆಗಳಿಗೆ ನೆರವಾದ ಅಪರಾಧಕ್ಕೆ 1971ರಲ್ಲಿ ಅವನಿಗೆ ಮೂರು ವರ್ಷ ಶಿಕ್ಷೆಯಾಯಿತು. ಆ ಮಾತಿನ ಮೊದಲ ಅರ್ಧವನ್ನು, ಗಲ್ಲಿಗೇರಿದವನು ಬರೀ ಗುಮಾಸ್ತ ಎಂಬುದನ್ನು, ಮಾತ್ರ ನಾನು ಒಪ್ಪಲಾರೆ. ಮರಣದಂಡನೆ ಸರಿಯೇ ಎಂಬ ಪ್ರಶ್ನೆ ಬೇರೆ. ಸೀವರ್ಸ್ ಸಣ್ಣವನು ಎಂಬುದು ಸುಳ್ಳು. ಅವನ ಸಹಿ ಇಲ್ಲದೆ ಬೇಗರ್ ಔಷ್‌ವಿಟ್ಸ್‌ಗೆ ಹೋಗುತ್ತಿರಲಿಲ್ಲ, ಹಿರ್ಟ್‌ನ ತೊಟ್ಟಿಗಳು ಖಾಲಿಯೇ ಇರುತ್ತಿದ್ದವು.

ಜೂನ್ 21ರ ಪತ್ರಕ್ಕೆ ಲಗತ್ತಿಸಿದ್ದ ಹೆಸರುಗಳ ಪಟ್ಟಿ ಎಂದೂ ಸಿಗಲಿಲ್ಲ. ಸತ್ತವರು ಯಾರೆಂದು ತಿಳಿದದ್ದು ಆಂರಿಪಿಯೆರ್ ಕದ್ದು ಬರೆದುಕೊಂಡ ಸಂಖ್ಯೆಗಳಿಂದ. ಬಹಳ ವರ್ಷ ಒಬ್ಬರ ಹೆಸರಷ್ಟೇ ಗೊತ್ತಿತ್ತು: ಬರ್ಲಿನ್ನಿನ ಹಾಲಿನ ವ್ಯಾಪಾರಿ ಮೆನಾಖೆಮ್ ಟಾಫೆಲ್, ಸಂಖ್ಯೆ 107969. ಜರ್ಮನ್ ಪತ್ರಕರ್ತ ಹಾನ್ಸ್ ಯೋಆಖಿಮ್ ಲಾಂಗ್ ವರ್ಷಗಟ್ಟಲೆ ದಾಖಲೆಗಳನ್ನು ಜಾಲಾಡಿ, ಸಂಖ್ಯೆಗಳನ್ನು ಹೋಲಿಸಿ, 86 ಮಂದಿಯ ಹೆಸರುಗಳನ್ನೂ ಕಂಡುಹಿಡಿದು 2004ರಲ್ಲಿ ಪುಸ್ತಕವಾಗಿ ತಂದರು. ಗ್ರೀಸಿನ ಥೆಸಲೋನಿಕಿಯಿಂದ ಬಂದವರು ಅದರಲ್ಲಿ ಬಹಳ ಮಂದಿ. ಸ್ಟ್ರಾಸ್‌ಬರ್ಗ್‌ನ ಕ್ರೊನೆನ್‌ಬುರ್ಗ್ ಯಹೂದಿ ಸ್ಮಶಾನದಲ್ಲಿ ಅವರ ಹೆಸರುಗಳ ಕಲ್ಲು ಈಗ ಇದೆ.

ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆ ಕಾಲದ ಅವಶೇಷಗಳು ಏನೂ ಉಳಿದಿಲ್ಲ ಎಂದೇ ಬಹಳ ಕಾಲ ಹೇಳಿಕೊಂಡು ಬರಲಾಗಿತ್ತು. 2015ರ ಜುಲೈನಲ್ಲಿ ವೈದ್ಯ ರಫಾಯೆಲ್ ಟೊಲೆಡಾನೊ ಅಲ್ಲಿನ ನ್ಯಾಯವೈದ್ಯಕೀಯ ಸಂಸ್ಥೆಯಲ್ಲಿ ಆ 86 ಮಂದಿಯಲ್ಲಿ ಕೆಲವರಿಗೆ ಸೇರಿದ ದೇಹದ ಅಂಶಗಳಿದ್ದ ಗಾಜಿನ ಪಾತ್ರೆ ಮತ್ತು ನಳಿಕೆಗಳನ್ನು ಪತ್ತೆಹಚ್ಚಿದರು. ವಿಶ್ವವಿದ್ಯಾಲಯ ಆಮೇಲೆ ಇತಿಹಾಸಕಾರರ ಆಯೋಗ ನೇಮಿಸಿತು, 2022ರಲ್ಲಿ ಅದರ ವರದಿ ಬಂತು. ಆ ವಿಶ್ವವಿದ್ಯಾಲಯದಲ್ಲಿ ಹಿರ್ಟ್‌ನ ಸಹೋದ್ಯೋಗಿಗಳಾಗಿದ್ದ ಬಿಕೆನ್‌ಬಾಖ್ ಮತ್ತು ಹಾಗೆನ್ ಅದೇ ನಾಟ್ಸ್‌ವೈಲರ್‌ನಲ್ಲಿ ಕೈದಿಗಳ ಮೇಲೆ ಫಾಸ್ಜೀನ್ ಅನಿಲ ಮತ್ತು ಟೈಫಸ್ ಜ್ವರದ ಪ್ರಯೋಗ ಮಾಡಿದವರು. ಫ್ರೆಂಚ್ ಸೈನಿಕ ನ್ಯಾಯಾಲಯ 1952ರಲ್ಲಿ ಅವರಿಗೆ ಜೀವಾವಧಿ ಕಠಿಣ ಶಿಕ್ಷೆ ವಿಧಿಸಿತ್ತು, 1954ರ ಮರುವಿಚಾರಣೆಯಲ್ಲಿ ಅದು 20 ವರ್ಷಕ್ಕೆ ಇಳಿಯಿತು. 1955ರಲ್ಲಿ ಇಬ್ಬರೂ ಬಿಡುಗಡೆಯಾದರು. ಬಿಕೆನ್‌ಬಾಖ್ ಪಶ್ಚಿಮ ಜರ್ಮನಿಗೆ ಹೋಗಿ ಮತ್ತೆ ವೈದ್ಯವೃತ್ತಿ ಹಿಡಿದ.